ಸ್ಕಿಡ್ ಲೋಡರಿನಲ್ಲಿ ಬಿಸಿಗೆ ಗಟ್ಟಿಯಾಗುತ್ತಿರುವ ಹೈಡ್ರಾಲಿಕ್ ಹೋಸು: ಜೋಡಿಸಬಹುದೇ, ಬದಲಿಸಲೇಬೇಕೇ?

ಮದ್ದೂರು ಲೋಡರ್:
ಎಲ್ಲರಿಗೂ ನಮಸ್ಕಾರ. ಸಕ್ಕರೆ ಕಾರ್ಖಾನೆಯೊಂದರ ಅಂಗಳದಲ್ಲಿ ರಸ ಹಿಂಡಿದ ಕಬ್ಬಿನ ಸಿಪ್ಪೆಯನ್ನು, ಅಂದರೆ ಬಗಾಸನ್ನು, ರಾಶಿ ಹಾಕುವ ಮತ್ತು ಬಾಯ್ಲರಿನ ಕನ್ವೇಯರಿಗೆ ತಳ್ಳುವ ಕೆಲಸಕ್ಕೆ ಮುಂದೆ ಬಕೆಟ್ ಇರುವ ನಮ್ಮ ಸಣ್ಣ ಸ್ಕಿಡ್ ಲೋಡರನ್ನು ಬಾಡಿಗೆಗೆ ಬಿಟ್ಟಿದ್ದೇವೆ. ಕಂಟ್ರೋಲ್ ವಾಲ್ವಿನಿಂದ ಎಡಗಡೆಯ ಲಿಫ್ಟ್ ಸಿಲಿಂಡರಿಗೆ ಹೋಗುವ ಅರ್ಧ ಇಂಚಿನ ಹೋಸು ಸೈಲೆನ್ಸರಿನ ಪಕ್ಕದಲ್ಲೇ ಹಾದುಹೋಗುತ್ತದೆ. ಅದರ ಹೊರಗಿನ ರಬ್ಬರು ಸೀಳುಬಿಟ್ಟಿದೆ. ಬೆಳಿಗ್ಗೆ ಯಂತ್ರ ಚಾಲೂ ಮಾಡಿದಾಗ ಫಿಟ್ಟಿಂಗಿನ ಬುಡದಲ್ಲಿ ಆಯಿಲ್ ಜಿನುಗುತ್ತದೆ, ಯಂತ್ರ ಬಿಸಿಯಾದ ಮೇಲೆ ಜಿನುಗು ತಾನಾಗಿಯೇ ನಿಲ್ಲುತ್ತದೆ. ಇದೇ ಹೋಸನ್ನು ಕಳೆದ ಹಂಗಾಮಿನಲ್ಲಿಯೂ ಬದಲಿಸಲಾಗಿತ್ತು.

ಗ್ಯಾರೇಜಿನವರು ಹೇಳುವುದೇನೆಂದರೆ, ಹಾಳಾದ ಭಾಗವನ್ನಷ್ಟೇ ಕತ್ತರಿಸಿ ನಡುವೆ ಜಾಯಿಂಟರ್ ಹಾಕಿ, ಮೇಲೆ ಆಸ್ಬೆಸ್ಟಾಸ್ ಹಗ್ಗ ಸುತ್ತಿದರೆ ಹಂಗಾಮು ಮುಗಿಯುವವರೆಗೆ ಚಿಂತೆಯಿಲ್ಲ ಎಂದು. ಕಬ್ಬು ಅರೆಯುವ ಕೆಲಸ ಭರದಿಂದ ನಡೆದಿರುವುದರಿಂದ ಯಂತ್ರವನ್ನು ಹೆಚ್ಚು ಹೊತ್ತು ನಿಲ್ಲಿಸುವಂತಿಲ್ಲ. ಈ ಸಲಹೆ ಸರಿಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಗೋಕುಲ ರಸ್ತೆ ಹೋಸ್:
ನಮಸ್ಕಾರ ಸರ್. ಹುಬ್ಬಳ್ಳಿಯಲ್ಲಿ ಹೋಸ್ ಕ್ರಿಂಪಿಂಗ್, ಅಂದರೆ ಹೋಸಿನ ತುದಿಗೆ ಫಿಟ್ಟಿಂಗನ್ನು ಯಂತ್ರದಿಂದ ಒತ್ತಿ ಕೂರಿಸುವ ಕೆಲಸ ಮಾಡುತ್ತೇನೆ. ತಾವು ಬರೆದ ಲಕ್ಷಣಗಳಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಹೊರಗಿನ ಸೀಳಲ್ಲ, ತಣ್ಣಗಿರುವಾಗ ಜಿನುಗಿ ಬಿಸಿಯಾದಾಗ ನಿಲ್ಲುವ ಗುಣ. ಹೈಡ್ರಾಲಿಕ್ ಹೋಸಿನಲ್ಲಿ ಮೂರು ಭಾಗಗಳಿರುತ್ತವೆ: ಆಯಿಲ್ ಮುಟ್ಟುವ ಒಳಗಿನ ನೈಟ್ರೈಲ್ ರಬ್ಬರಿನ ಕೊಳವೆ, ಒತ್ತಡವನ್ನು ಹೊರುವ ಉಕ್ಕಿನ ತಂತಿಯ ಹೆಣಿಗೆ, ಮತ್ತು ಆ ತಂತಿಯನ್ನು ನೀರು, ಉಜ್ಜಾಟಗಳಿಂದ ಕಾಯುವ ಹೊರ ರಬ್ಬರು. ಫಿಟ್ಟಿಂಗಿನೊಳಗೆ ಆಯಿಲ್ ಸೋರದಂತೆ ಹಿಡಿಯುವುದು ಒಳಕೊಳವೆಯ ರಬ್ಬರು ಒತ್ತಿಸಿಕೊಂಡು ಮತ್ತೆ ಉಬ್ಬಲು ಹವಣಿಸುವ ಶಕ್ತಿ. ಅತಿಯಾದ ಬಿಸಿಯಿಂದ ಆ ಶಕ್ತಿ ಹೋಗಿಬಿಟ್ಟರೆ ರಬ್ಬರು ಒತ್ತಿದ ಆಕಾರದಲ್ಲೇ ಗಟ್ಟಿಯಾಗಿ ಕೂರುತ್ತದೆ. ತಣ್ಣಗಾದಾಗ ಕೊಂಚ ಕುಗ್ಗಿ ಜಿನುಗುತ್ತದೆ, ಬಿಸಿಯಾದಾಗ ಹಿಗ್ಗಿ ಮುಚ್ಚಿಕೊಳ್ಳುತ್ತದೆ. ಇಂಥ ಹೋಸಿನ ಫಿಟ್ಟಿಂಗನ್ನು ಮತ್ತೊಮ್ಮೆ ಕ್ರಿಂಪ್ ಯಂತ್ರದಲ್ಲಿಟ್ಟು ಒತ್ತಿಸಿದರೆ ಉಪಯೋಗವಿಲ್ಲ. ಗಟ್ಟಿಯಾದ ರಬ್ಬರು ಒಳಗೇ ಬಿರುಕು ಬಿಡುತ್ತದೆ.

ಜಾಯಿಂಟರಿನ ವಿಷಯವೂ ಅಷ್ಟೇ. ಸುಟ್ಟ ತುಂಡನ್ನು ತೆಗೆದರೂ ಉಳಿದ ಹೋಸಿನ ಒಳಕೊಳವೆ ಗಟ್ಟಿಯಾಗಿದ್ದರೆ, ಜಾಯಿಂಟರಿನ ಎರಡು ಹೊಸ ಕ್ರಿಂಪುಗಳು ಹಿಡಿಯಬೇಕಾದದ್ದು ಅದೇ ಸತ್ತ ರಬ್ಬರನ್ನು. ಸೋರುವ ಜಾಗ ಎರಡಿದ್ದದ್ದು ನಾಲ್ಕಾಗುತ್ತದೆ, ಅಷ್ಟೆ.

ಒಂದು ಕೆಲಸ ಮಾಡಿ. ಹೋಸನ್ನು ಬಿಚ್ಚಿದ ಮೇಲೆ ಅಂಗಡಿಗೆ ಕೊಟ್ಟು ಮರೆಯಬೇಡಿ. ಸೈಲೆನ್ಸರಿನ ಹತ್ತಿರದ ಭಾಗದಿಂದ ಒಂದು ತುಂಡು, ಅಲ್ಲಿಂದ ದೂರವಿದ್ದ ಭಾಗದಿಂದ ಮತ್ತೊಂದು ತುಂಡು ಕತ್ತರಿಸಿ, ಎರಡನ್ನೂ ಉದ್ದಕ್ಕೆ ಸೀಳಿ ಒಳಗಿನ ರಬ್ಬರನ್ನು ಉಗುರಿನಿಂದ ಒತ್ತಿ ನೋಡಿ. ಹೊರಗೆ ಮಾತ್ರ ಸುಟ್ಟು ಒಳಗೆ ಮೆತ್ತಗಿದ್ದರೆ ತಪ್ಪು ಸೈಲೆನ್ಸರಿನದು. ದೂರದ ತುಂಡಿನಲ್ಲಿಯೂ ಒಳಗೆ ಗಾಜಿನ ಹಾಗೆ ಬಿರುಕು ಬಿಟ್ಟಿದ್ದರೆ ಆಯಿಲ್ಲೇ ಅತಿಯಾಗಿ ಕಾಯುತ್ತಿದೆ ಎಂದರ್ಥ. ಹೋಸಿನ ಮೇಲೆ ಅಚ್ಚಾಗಿರುವ ಸಾಲನ್ನೂ ಬರೆದುಕೊಂಡು ಇಲ್ಲಿ ತಿಳಿಸಿ.

ಮದ್ದೂರು ಲೋಡರ್:
ತಾವು ಹೇಳಿದಂತೆ ಬಿಚ್ಚಿ ಸೀಳಿ ನೋಡಿದೆವು. ಸೈಲೆನ್ಸರಿನ ಎದುರಿಗಿದ್ದ ಒಂದು ಗೇಣಿನಷ್ಟು ಭಾಗದಲ್ಲಿ ಹೊರ ರಬ್ಬರು ಕರಕಲಾಗಿ, ಉಗುರು ತಾಕಿಸಿದರೆ ಪುಡಿಯಾಗಿ ಉದುರುತ್ತದೆ, ತಂತಿ ಕಾಣಿಸುತ್ತದೆ. ಆದರೆ ದೂರದ ತುಂಡಿನಲ್ಲಿ ಹೊರಗೆ ಏನೂ ಆಗಿರದಿದ್ದರೂ ಒಳಗಿನ ಕೊಳವೆ ಕಪ್ಪಗೆ ಹೊಳೆಯುತ್ತ, ಬಗ್ಗಿಸಿದ ಕೂಡಲೇ ಅಡ್ಡಡ್ಡ ಬಿರುಕು ಬಿಡುತ್ತದೆ. ಸೈಲೆನ್ಸರಿಗೆ ಸಂಬಂಧವೇ ಇಲ್ಲದ ಬಲಗಡೆಯ ಹೋಸುಗಳನ್ನೂ ಮುಟ್ಟಿ ನೋಡಿದೆವು, ಅವೂ ಬಿಗಿಯಾಗಿವೆ. ಅಚ್ಚಿನಲ್ಲಿ 1ಎಸ್‌ಎನ್ ಎಂದಿದೆ.

ಗೋಕುಲ ರಸ್ತೆ ಹೋಸ್:
ಹಾಗಾದರೆ ಹೋಸನ್ನು ಆರಿಸುವಾಗಲೇ ತಪ್ಪಾಗಿದೆ. 1ಎಸ್‌ಎನ್ ಎಂದರೆ ಒಂದೇ ಪದರದ ತಂತಿ. ಅರ್ಧ ಇಂಚಿನ ಅಳತೆಯಲ್ಲಿ ಅದು ಸತತವಾಗಿ ಹೊರಬಲ್ಲ ಒತ್ತಡ 160 ಬಾರ್ ಮಾತ್ರ. ಸ್ಕಿಡ್ ಲೋಡರುಗಳ ಒತ್ತಡ ಸಾಮಾನ್ಯವಾಗಿ 200 ಬಾರಿನ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಮೇಲೆ ಇರುತ್ತದೆ. ಅಲ್ಲಿ ಎರಡು ಪದರದ 2ಎಸ್‌ಎನ್ ಬೇಕು. ಅದೇ ಅಳತೆಯಲ್ಲಿ ಅದಕ್ಕೆ 275 ಬಾರ್ ಇದೆ. ಒಡೆಯುವ ಒತ್ತಡ ಇದರ ನಾಲ್ಕರಷ್ಟಿರುತ್ತದೆ ಎಂಬುದನ್ನು ಕೇಳಿ ಕೆಲವರು ಒಂದು ಪದರದ್ದೇ ಸಾಕು ಎನ್ನುತ್ತಾರೆ. ಆ ನಾಲ್ಕು ಪಟ್ಟನ್ನು ಬಿಟ್ಟಿರುವುದು ಬಕೆಟ್ ಕುಲುಕಿದಾಗ ಬರುವ ಒತ್ತಡದ ಹೊಡೆತಗಳಿಗೆ, ಸವೆತಕ್ಕೆ. ಅದನ್ನು ದಿನದ ಕೆಲಸಕ್ಕೆ ಖರ್ಚು ಮಾಡಬಾರದು.

ಆಯಿಲ್ ಬಿಸಿಯಾಗುವ ವಿಷಯವನ್ನು ಯಂತ್ರದ ಫಿಟ್ಟರುಗಳು ಹೇಳಿದರೆ ಚೆನ್ನ.

ಬಳ್ಳಾರಿ ಫಿಟ್ಟರ್:
ಹೇಳುತ್ತೇನೆ. ನಮ್ಮ ಕಡೆ ಬೇಸಿಗೆಯಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುವುದರಿಂದ ಈ ಕಾಯಿಲೆ ನಮಗೆ ನಿತ್ಯದ್ದು. 1ಎಸ್‌ಎನ್, 2ಎಸ್‌ಎನ್ ಎರಡೂ ದರ್ಜೆಯ ಹೋಸುಗಳಿಗೆ ಆಯಿಲಿನ ಬಿಸಿಯ ಮೇಲ್ಮಿತಿ 100 ಡಿಗ್ರಿ ಸೆಲ್ಸಿಯಸ್. ಮಿತಿಯ ಮೇಲೆ ಪ್ರತಿ 10 ಡಿಗ್ರಿಗೆ ಹೋಸಿನ ಆಯುಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ಕಸುಬಿನಲ್ಲಿ ಎಲ್ಲರೂ ಒಪ್ಪಿರುವ ಲೆಕ್ಕ. ಸೀಲುಗಳು, ಆಯಿಲ್ ಎರಡೂ ಕೆಡದಿರಬೇಕಾದರೆ 80 ಡಿಗ್ರಿಯ ಒಳಗೇ ಇರಬೇಕು.

ಬಿಸಿ ಎಲ್ಲಿಂದ ಬರುತ್ತದೆ? ಮೊದಲ ಅನುಮಾನ ಆಯಿಲ್ ಕೂಲರ್. ಬಗಾಸಿನ ಅಂಗಳದಲ್ಲಿ ಕೆಲಸ ಮಾಡುವ ಯಂತ್ರವಾದ್ದರಿಂದ ಇದನ್ನು ಕಣ್ಣು ಮುಚ್ಚಿ ಹೇಳಬಹುದು. ಆ ಸಿಪ್ಪೆಯ ನಾರು ಕೂದಲಿಗಿಂತ ಸಣ್ಣ. ಸಕ್ಕರೆಯ ಅಂಟು ಬೇರೆ ಇರುತ್ತದೆ, ಅದಕ್ಕೆ ಆಯಿಲಿನ ಜಿಡ್ಡೂ ಸೇರಿದರೆ ಕೂಲರಿನ ರೆಕ್ಕೆಗಳ ನಡುವೆ ಕಂಬಳಿಯಂಥ ಪದರ ಕಟ್ಟುತ್ತದೆ. ರೇಡಿಯೇಟರ್ ಮತ್ತು ಕೂಲರ್ ಒಂದರ ಹಿಂದೊಂದು ಇರುವ ಯಂತ್ರಗಳಲ್ಲಿ ಮೇಲಿನಿಂದ ನೋಡಿದರೆ ಎಲ್ಲವೂ ಚೊಕ್ಕಟವಾಗಿಯೇ ಕಾಣುತ್ತದೆ. ಎರಡರ ನಡುವಿನ ಸಂದಿಯಲ್ಲಿ ಕೂತಿರುವ ಕಸ ಕಾಣಬೇಕಾದರೆ ಬೋಲ್ಟು ಬಿಚ್ಚಿ ಒಂದನ್ನು ಪಕ್ಕಕ್ಕೆ ಸರಿಸಲೇಬೇಕು. ಗಾಳಿ ಹೊಡೆಯುವಾಗ ಫ್ಯಾನಿನ ಗಾಳಿ ಬರುವ ದಿಕ್ಕಿಗೆ ಎದುರಾಗಿ ಹೊಡೆಯಿರಿ, ಇಲ್ಲವಾದರೆ ಕಸ ಇನ್ನೂ ಒಳಗೆ ಹೋಗುತ್ತದೆ. ಜಿಡ್ಡಿದ್ದರೆ ಮೊದಲು ಜಿಡ್ಡು ತೆಗೆಯುವ ದ್ರಾವಣ ಹಾಕಿ ನೆನೆಸಿ, ಆಮೇಲೆ ಹದವಾದ ಒತ್ತಡದ ನೀರು. ವಾಟರ್ ಸರ್ವಿಸಿನ ಗನ್ನನ್ನು ಹತ್ತಿರ ಹಿಡಿದು ಬಿಟ್ಟರೆ ರೆಕ್ಕೆಗಳೇ ಮಡಚಿಕೊಳ್ಳುತ್ತವೆ.

ಎರಡನೆಯದು ರಿಲೀಫ್ ವಾಲ್ವ್, ಅಂದರೆ ಒತ್ತಡ ಮಿತಿ ಮೀರಿದಾಗ ಆಯಿಲನ್ನು ಟ್ಯಾಂಕಿಗೆ ಬಿಡುವ ವಾಲ್ವ್. ಇದನ್ನು ಯಂತ್ರ ನಡೆಸುವವರಿಗೆ ಲೆಕ್ಕ ಹಾಕಿ ತೋರಿಸಬೇಕು. ನಿಮಿಷಕ್ಕೆ 60 ಲೀಟರ್ ಆಯಿಲ್ 200 ಬಾರ್ ಒತ್ತಡದಲ್ಲಿ ರಿಲೀಫ್ ವಾಲ್ವಿನ ಮೂಲಕ ಟ್ಯಾಂಕಿಗೆ ಸುಮ್ಮನೆ ಮರಳಿದರೆ, ಲೀಟರನ್ನು ಬಾರಿನಿಂದ ಗುಣಿಸಿ 600ರಿಂದ ಭಾಗಿಸಿ, 20 ಕಿಲೋವ್ಯಾಟ್ ಆಗುತ್ತದೆ. ಅಷ್ಟೂ ಬಿಸಿಯಾಗಿ ಆಯಿಲ್ಲಿಗೇ ಸೇರುತ್ತದೆ. ಬಕೆಟ್ ಪೂರ್ತಿ ಮಡಚಿದ ಮೇಲೂ ಲಿವರನ್ನು ಹಿಡಿದೇ ಇದ್ದರೆ, ರಾಶಿಗೆ ಬಕೆಟ್ ಚುಚ್ಚಿ ಬೂಮ್ (ಬಕೆಟನ್ನು ಎತ್ತುವ ತೋಳು) ಏಳದಿದ್ದರೂ ಎಳೆದು ಹಿಡಿದರೆ ಆಗುವುದು ಇದೇ. ಮುಂದಿನ ಅಟ್ಯಾಚ್‌ಮೆಂಟಿಗೆ ಆಯಿಲ್ ಕೊಡುವ ಹೆಚ್ಚುವರಿ ಲೈನಿನ ಸ್ವಿಚ್ಚನ್ನು ಲಾಕ್ ಮಾಡಿ, ಅಲ್ಲಿ ಏನನ್ನೂ ಜೋಡಿಸದೆ ಬಿಟ್ಟಿರುವುದನ್ನೂ ನೋಡಿದ್ದೇನೆ. ಬಕೆಟ್ ಮಾತ್ರ ಹಾಕಿದ ಯಂತ್ರದಲ್ಲಿ ಆ ಸ್ವಿಚ್ಚು ಆನ್ ಆಗಿದ್ದರೆ ಕೆಲಸ ಮಾಡಲಿ ಬಿಡಲಿ, ಆಯಿಲ್ ಕಾಯುತ್ತಲೇ ಇರುತ್ತದೆ.

ಇನ್ನು ಚುಟುಕಾಗಿ: ಟ್ಯಾಂಕಿನ ಮಟ್ಟ ಕಡಿಮೆಯಿದ್ದರೆ ಆಯಿಲ್ಲಿಗೆ ಆರಲು ಸಮಯ ಸಿಗುವುದಿಲ್ಲ. ಫ್ಯಾನಿನ ಬೆಲ್ಟು ಸಡಿಲವಿದೆಯೇ ನೋಡಿ. ಕೈಪಿಡಿಯಲ್ಲಿ ಅನುಮತಿ ಇದ್ದರೆ ಬೇಸಿಗೆಗೆ ವಿಜಿ 46 ಆಯಿಲಿನ ಬದಲು ಅದಕ್ಕಿಂತ ಮಂದವಾದ ವಿಜಿ 68 ಹಾಕಬಹುದು. ಆಯಿಲ್ ಟ್ಯಾಂಕಿಗೆ ಮರಳುವ ಯಾವುದಾದರೂ ರಿಟರ್ನ್ ಲೈನಿಗೆ ಮೊದಲಿಗಿಂತ ಸಣ್ಣ ಹೋಸು ಹಾಕಿದ್ದಾರೆಯೇ ಎಂಬುದನ್ನು ಮರೆಯದೆ ನೋಡಿ. ಮುಕ್ಕಾಲು ಇಂಚಿನ ಜಾಗದಲ್ಲಿ ಅರ್ಧ ಇಂಚು ಹಾಕಿದರೆ ಅದೇ ಆಯಿಲ್ ಎರಡೂಕಾಲು ಪಟ್ಟು ವೇಗದಲ್ಲಿ ಹೋಗಬೇಕಾಗುತ್ತದೆ, ಆ ತಿಕ್ಕಾಟವೂ ಬಿಸಿಯೇ.

ತೀರ್ಥಹಳ್ಳಿ ಮಿನಿ:
ಎಲ್ಲರೂ ಜಾಯಿಂಟರನ್ನು ಒಂದೇ ಸಮನೆ ತಳ್ಳಿಹಾಕುತ್ತಿರುವುದನ್ನು ನಾನು ಒಪ್ಪುವುದಿಲ್ಲ. ಅಡಿಕೆ ತೋಟಗಳಲ್ಲಿ ಬಸಿಗಾಲುವೆ ತೆಗೆಯಲು ಮಿನಿ ಎಕ್ಸ್‌ಕವೇಟರ್ ಓಡಿಸುವವರಿಗೆ ಗುಡ್ಡದ ಬುಡದಿಂದ ಯಂತ್ರವನ್ನು ಮೇಲಕ್ಕೆ ತರುವುದೇ ಒಂದು ಕಷ್ಟ. ಮಳೆಗಾಲದಲ್ಲಂತೂ ಹೋಸು ಒಡೆದು ಬೂಮ್ ಕೆಳಗಿಳಿದು ನಿಂತರೆ ತೋಟದ ದಾರಿಯೇ ಬಂದ್. ಅಂಥಲ್ಲಿ ಜಾಯಿಂಟರ್ ಹಾಕಿ ಯಂತ್ರವನ್ನು ರಸ್ತೆಗೆ ತಂದವರು ಎಷ್ಟೋ ಜನ. ಪೇಟೆಯ ಅಂಗಡಿಯಲ್ಲಿ ಕುಳಿತು ಇಡೀ ಹೋಸು ಬದಲಿಸಿ ಎಂದು ಹೇಳುವುದು ಸುಲಭ.

ಗೋಕುಲ ರಸ್ತೆ ಹೋಸ್:
ತಮ್ಮ ಮಾತಿನಲ್ಲಿ ನ್ಯಾಯವಿದೆ, ಆದರೆ ತಾವು ಹೇಳುತ್ತಿರುವ ಹೋಸು ಬೇರೆ, ಇಲ್ಲಿಯ ಹೋಸು ಬೇರೆ. ಕಲ್ಲಿಗೆ ತಗುಲಿಯೋ ಕೊಂಬೆ ಚುಚ್ಚಿಯೋ ಒಂದೇ ಜಾಗದಲ್ಲಿ ಹರಿದ, ಉಳಿದಂತೆ ಮೆತ್ತಗಿರುವ ಹೋಸಿಗೆ, ಅದೇ ದರ್ಜೆಯ ಜಾಯಿಂಟರನ್ನು ಸರಿಯಾಗಿ ಕ್ರಿಂಪ್ ಮಾಡಿ ಹಾಕಿದರೆ ಯಂತ್ರವನ್ನು ರಸ್ತೆಗೆ ತರುವಷ್ಟು ಕೆಲಸ ಆಗುತ್ತದೆ. ಕಡಿಮೆ ಒತ್ತಡದ ರಿಟರ್ನ್ ಲೈನಿನಲ್ಲಾದರೆ ಇನ್ನೂ ಸ್ವಲ್ಪ ಕಾಲ ಇರಲೂಬಹುದು. ಬಿಸಿಯಿಂದ ಉದ್ದಕ್ಕೂ ಸತ್ತ ಹೋಸಿಗೆ ಆ ಅವಕಾಶವಿಲ್ಲ. ಬಾಗುವ ಜಾಗದಲ್ಲಿ ಜಾಯಿಂಟರ್ ಕೂತರೆ ಅದರ ಎರಡೂ ಬದಿ ಹೋಸು ಮುರಿಯುತ್ತದೆ. ಬೂಮ್ ಮೇಲೆತ್ತಿ ಕೆಳಗೆ ಮನುಷ್ಯರು ಓಡಾಡುವ ಯಂತ್ರದ ಲಿಫ್ಟ್ ಲೈನಿನಲ್ಲಿ ನಾನು ಜಾಯಿಂಟರ್ ಹಾಕಿಕೊಡುವುದಿಲ್ಲ. ಗಿರಾಕಿ ಹೋದರೂ ಸರಿ.

ತೋಟದವರಿಗೆ ನನ್ನ ಸಲಹೆಯೆಂದರೆ ಹೆಚ್ಚು ಒಡೆಯುವ ಎರಡು ಮೂರು ಹೋಸುಗಳನ್ನು ಮೊದಲೇ ಕ್ರಿಂಪ್ ಮಾಡಿಸಿ, ತುದಿಗಳಿಗೆ ಮುಚ್ಚಳ ಹಾಕಿ, ಬಿಸಿಲು ಬೀಳದ ಕಡೆ ಇಟ್ಟುಕೊಳ್ಳಿ. ಸ್ಪ್ಯಾನರ್ ಇದ್ದರೆ ತೋಟದಲ್ಲೇ ಬದಲಿಸಬಹುದು.

ಹೊಸದನ್ನು ಮಾಡಿಸುವಾಗ ಗಿರಾಕಿಯೇ ನಿಂತು ನೋಡಬೇಕಾದ ಕೆಲವು ಸಂಗತಿಗಳಿವೆ. ಹಳೆಯ ಹೋಸಿನಿಂದ ಫಿಟ್ಟಿಂಗ್ ಕಿತ್ತು ಹೊಸದಕ್ಕೆ ಹಾಕಲು ಬಿಡಬೇಡಿ. ಒಮ್ಮೆ ಒತ್ತಿದ ಫೆರೂಲ್, ಅಂದರೆ ಹೋಸನ್ನು ಹೊರಗಿನಿಂದ ಬಿಗಿಹಿಡಿಯುವ ಲೋಹದ ಬಳೆ, ಮತ್ತೆ ಕೆಲಸಕ್ಕೆ ಬರುವುದಿಲ್ಲ. ಕತ್ತರಿಸಿದ ಮೇಲೆ ಒಳಗೆ ರಬ್ಬರಿನ ಪುಡಿ, ತಂತಿಯ ಚೂರು ಉಳಿಯುತ್ತದೆ. ಗಾಳಿಯಿಂದ ಸ್ಪಂಜಿನ ಗುಂಡನ್ನು ಒಳಗೆ ಹಾಯಿಸಿ ತೆಗೆಯದಿದ್ದರೆ ಅದು ನೇರವಾಗಿ ವಾಲ್ವಿನೊಳಗೆ ಜಾರಾಡುವ ಸ್ಪೂಲಿಗೆ ಹೋಗಿ ಗೀರುತ್ತದೆ. ಫಿಟ್ಟಿಂಗ್ ಎಷ್ಟು ಒಳಗೆ ಹೋಗಬೇಕೋ ಅಷ್ಟಕ್ಕೆ ಹೋಸಿನ ಮೇಲೆ ಗುರುತು ಹಾಕಿ, ಒತ್ತಿದ ಮೇಲೆ ಆ ಗುರುತು ಎಲ್ಲಿದೆ ಎಂದು ನೋಡಬೇಕು. ಕ್ರಿಂಪ್ ಆದ ಫೆರೂಲಿನ ವ್ಯಾಸವನ್ನು ವರ್ನಿಯರಿನಿಂದ ಅಳೆದು ತಯಾರಕರ ಪಟ್ಟಿಯೊಂದಿಗೆ ತಾಳೆ ನೋಡಬೇಕು; ಅಲ್ಲಿ ಮಿಲಿಮೀಟರಿನ ಹತ್ತನೇ ಒಂದೆರಡು ಭಾಗಕ್ಕೂ ಬೆಲೆಯಿದೆ. ಒಂದು ಕಂಪನಿಯ ಹೋಸು, ಇನ್ನೊಂದು ಕಂಪನಿಯ ಫಿಟ್ಟಿಂಗ್ ಬೆರೆಸಿದರೆ ಆ ಪಟ್ಟಿಯೇ ಅನ್ವಯಿಸುವುದಿಲ್ಲ. ಫಿಟ್ಟಿಂಗಿನ ಕೋನವನ್ನೂ ನೋಡಿ: ಜೆಐಸಿ ಬಗೆಯ ಫಿಟ್ಟಿಂಗಿನ ಇಳಿಜಾರು 37 ಡಿಗ್ರಿ, ಬಿಎಸ್‌ಪಿಯದು 30. ಕೋನ ಹೊಂದದಿದ್ದರೆ ನಟ್ ಎಷ್ಟು ಬಿಗಿದರೂ ಜಿನುಗು ನಿಲ್ಲದು.

ಸೇಫ್ಟಿ ತೋರಣಗಲ್ಲು:
ಹೋಸು ಬಿಚ್ಚುವ ಮುನ್ನ ಮಾಡಬೇಕಾದದ್ದನ್ನು ಇದುವರೆಗೆ ಯಾರೂ ಬರೆದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಬೂಮನ್ನು ಪೂರ್ತಿ ಇಳಿಸಿ ಬಕೆಟನ್ನು ನೆಲಕ್ಕೆ ಕೂರಿಸಿ. ಎತ್ತಿಯೇ ಕೆಲಸ ಮಾಡಬೇಕಾದರೆ ಯಂತ್ರದೊಂದಿಗೆ ಬಂದ ಬೂಮ್ ಲಾಕನ್ನೇ ಹಾಕಿ, ಮರದ ತುಂಡು ನಿಲ್ಲಿಸಬೇಡಿ. ಇಂಜಿನ್ ನಿಲ್ಲಿಸಿ, ಕೈಪಿಡಿಯಲ್ಲಿ ಹೇಳಿರುವ ರೀತಿಯಲ್ಲಿ ಎಲ್ಲ ಲಿವರುಗಳನ್ನೂ ಎರಡೂ ದಿಕ್ಕಿಗೆ ಆಡಿಸಿ ಒಳಗೆ ಉಳಿದ ಒತ್ತಡವನ್ನು ಬಿಡಿ. ಟ್ಯಾಂಕಿನ ಮುಚ್ಚಳವನ್ನು ನಿಧಾನವಾಗಿ ಸಡಿಲಿಸಿ. ಆಯಿಲ್ ಆರುವವರೆಗೆ ಕಾಯಿರಿ. 90 ಡಿಗ್ರಿಯ ಆಯಿಲ್ ಮೈಮೇಲೆ ಬಿದ್ದರೆ ಚರ್ಮ ಸುಲಿಯುತ್ತದೆ.

ಜಿನುಗು ಎಲ್ಲಿದೆ ಎಂದು ಕೈಯಿಂದ ತಡವಿ ನೋಡುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಸೂಜಿಮೊನೆಯಷ್ಟು ರಂಧ್ರದಿಂದ ಹೊಮ್ಮುವ ಆಯಿಲ್ ಕಣ್ಣಿಗೆ ಕಾಣುವುದೇ ಇಲ್ಲ. 7 ಬಾರಿನಷ್ಟು ಒತ್ತಡವಿದ್ದರೂ ಅದು ಚರ್ಮವನ್ನು ತೂರಬಲ್ಲದು. ತಮ್ಮ ಯಂತ್ರದಲ್ಲಿರುವುದು 200. ಮೊದಲಿಗೆ ಇರುವೆ ಕಚ್ಚಿದಷ್ಟೇ ಗುರುತಾಗಿ, ನೋವೂ ಇರದೆ, ಕೆಲವೇ ಗಂಟೆಗಳಲ್ಲಿ ಬೆರಳು ಊದಿಕೊಂಡು ಒಳಗಿನ ಮಾಂಸ ಸಾಯತೊಡಗುತ್ತದೆ. ಹಾಗೇನಾದರೂ ಆದರೆ ಸುಣ್ಣ, ಮುಲಾಮು ಹಚ್ಚಿ ಮನೆಗೆ ಹೋಗುವ ಮಾತಿಲ್ಲ. ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಕೂಡಲೇ ಹೋಗಿ, ಗಾಯ ಸಣ್ಣದಾಗಿ ಕಂಡರೂ ಹೆಚ್ಚಿನ ಒತ್ತಡದ ಹೈಡ್ರಾಲಿಕ್ ಆಯಿಲ್ ಒಳಗೆ ಹೊಕ್ಕಿದೆ ಎಂದು ವೈದ್ಯರಿಗೆ ಬಿಡಿಸಿ ಹೇಳಬೇಕು. ತಡವಾದವರಿಗೆ ಬೆರಳು, ಕೈ ತೆಗೆಯಬೇಕಾಗಿ ಬಂದಿರುವುದು ಉಂಟು. ಜಿನುಗು ಹುಡುಕಲು ಉದ್ದನೆಯ ರಟ್ಟಿನ ತುಂಡು ಸಾಕು, ಕಣ್ಣಿಗೆ ಕನ್ನಡಕ ಇರಲಿ.

ಎರಡನೆಯದು ಬೆಂಕಿ. ಆ ಹೋಸು ಸೈಲೆನ್ಸರಿನ ಪಕ್ಕದಲ್ಲೇ ಇದೆ. ಹಾಗೆ ಒಡೆದು ಮಂಜಿನಂತೆ ಹೊಮ್ಮಿದ ಆಯಿಲ್ ಕಾದ ಎಕ್ಸಾಸ್ಟಿಗೆ ತಗುಲಿದರೆ ಹೊತ್ತಿಕೊಳ್ಳುತ್ತದೆ, ಸುತ್ತ ಇರುವುದು ಒಣಗಿದ ಬಗಾಸು. ಗ್ಯಾರೇಜಿನವರು ಹೇಳಿದ ಆಸ್ಬೆಸ್ಟಾಸ್ ಹಗ್ಗವಂತೂ ಬೇಡವೇ ಬೇಡ. ಅದರ ನಾರಿನ ಧೂಳು ಶ್ವಾಸಕೋಶಕ್ಕೆ ವಿಷ. ಅದು ಆಯಿಲ್ ಕುಡಿದು ನೆನೆದರೆ ದೀಪದ ಬತ್ತಿಯ ಕೆಲಸ ಮಾಡುತ್ತದೆ. ಯಂತ್ರದಲ್ಲಿ ಅಗ್ನಿಶಾಮಕ ಸಿಲಿಂಡರ್ ಇದೆಯೇ, ಅದರ ಅವಧಿ ಮುಗಿದಿಲ್ಲವೇ ಎಂದು ಇಂದೇ ನೋಡಿ.

ಮದ್ದೂರು ಲೋಡರ್:
ಕೂಲರ್ ಬಿಚ್ಚಿಸಿದೆವು. ಬಳ್ಳಾರಿಯವರು ಬರೆದಂತೆಯೇ ರೇಡಿಯೇಟರಿಗೂ ಕೂಲರಿಗೂ ನಡುವೆ ಸಿಪ್ಪೆಯ ನಾರು ಜಿಡ್ಡಿನೊಂದಿಗೆ ಸೇರಿ ಚಾಪೆಯ ಹಾಗೆ ಎದ್ದು ಬಂತು, ಬೆಳಕೇ ಹಾಯದಂತಿತ್ತು. ರಿಟರ್ನ್ ಲೈನ್ ಅಳತೆ ಸರಿಯಿದೆ. ಹೆಚ್ಚುವರಿ ಲೈನಿನ ಸ್ವಿಚ್ಚು ಆಫ್ ಆಗಿಯೇ ಇರುತ್ತದೆ ಎಂದು ಡ್ರೈವರ್ ಹೇಳುತ್ತಾರೆ. ಲಿವರ್ ಹಿಡಿದಿಡುವ ಅಭ್ಯಾಸದ ಬಗ್ಗೆ ಅವರಿಗೆ ಲೆಕ್ಕ ತೋರಿಸಿ ಹೇಳಿದ್ದೇನೆ.

ಈಗ 2ಎಸ್‌ಎನ್ ಹೋಸು ಮಾಡಿಸುತ್ತಿದ್ದೇವೆ. ಸೈಲೆನ್ಸರಿನ ಪಕ್ಕದ ಬಿಸಿಗೆ ಏನು ಮಾಡಬೇಕು? ಅಂಗಡಿಯಲ್ಲಿ ಸ್ಪ್ರಿಂಗ್ ಸುರುಳಿ, ನೈಲಾನ್ ತೋಳು, ಕಿತ್ತಳೆ ಬಣ್ಣದ ದಪ್ಪ ತೋಳು ಎಂದು ಮೂರು ಬಗೆ ತೋರಿಸಿದರು.

ಮಂಗಳೂರು ದಮ್ಮಾಮ್:
ಸೌದಿಯಲ್ಲಿ ಇದೇ ಬಗೆಯ ಯಂತ್ರಗಳ ದುರಸ್ತಿಯಲ್ಲಿದ್ದೇನೆ. ಇಲ್ಲಿಯ ಬೇಸಿಗೆಯಲ್ಲಿ ಈ ಪ್ರಶ್ನೆ ಪ್ರತಿಯೊಬ್ಬರೂ ಕೇಳುವಂಥದ್ದು. ಸ್ಪ್ರಿಂಗ್ ಸುರುಳಿಯೂ ನೈಲಾನ್ ತೋಳೂ ಉಜ್ಜಾಟ ತಡೆಯುವುದಕ್ಕೆ ಇರುವಂಥವು. ಬಿಸಿಯ ಹತ್ತಿರ ನೈಲಾನ್ ಕರಗುತ್ತದೆ, ಉಕ್ಕಿನ ಸುರುಳಿ ಬಿಸಿಯನ್ನು ಹೋಸಿಗೇ ದಾಟಿಸುತ್ತದೆ. ಕಿತ್ತಳೆ ಬಣ್ಣದ್ದು ಸಿಲಿಕೋನ್ ಲೇಪನದ ಗಾಜಿನ ನಾರಿನ ತೋಳಿರಬೇಕು. ಅದು ಸುಮಾರು 260 ಡಿಗ್ರಿವರೆಗಿನ ಸತತ ಬಿಸಿಯನ್ನು ತಾಳುತ್ತದೆ. ಹೋಸಿಗೆ ಕ್ರಿಂಪ್ ಹಾಕುವ ಮುನ್ನವೇ ಅದನ್ನು ತೊಡಿಸಬೇಕು, ತುದಿಗಳನ್ನು ಪಟ್ಟಿ ಹಾಕಿ ಬಿಗಿಯಬೇಕು, ಇಲ್ಲವಾದರೆ ಒಳಗೆ ಆಯಿಲ್, ಕಸ ತುಂಬುತ್ತದೆ.

ಆದರೆ ತೋಳು ಕೊನೆಯ ಉಪಾಯವಾಗಲಿ. ಮೊದಲು ಹೋಸನ್ನೇ ಬಿಸಿಯಿಂದ ದೂರ ಸರಿಸಿ. ಕಾರ್ಖಾನೆಯಿಂದ ಬಂದಾಗ ಆ ಹೋಸನ್ನು ಚಾಸಿಗೆ ಹಿಡಿದಿಡುವ ಕ್ಲಾಂಪು ಖಂಡಿತ ಇದ್ದಿರುತ್ತದೆ. ಹಳೆಯ ರಿಪೇರಿಯಲ್ಲಿ ಅದು ಕಳೆದುಹೋಗಿ ಹೋಸು ಸೈಲೆನ್ಸರಿನ ಕಡೆ ಜೋಲು ಬಿದ್ದಿರುವ ಸಾಧ್ಯತೆಯೇ ಹೆಚ್ಚು. ಬೋಲ್ಟಿನ ಖಾಲಿ ರಂಧ್ರ ಕಾಣುತ್ತದೆಯೇ ಹುಡುಕಿ. ಆಮೇಲೆ ಸೈಲೆನ್ಸರಿಗೂ ಹೋಸಿಗೂ ನಡುವೆ ಒಂದು ತಗಡಿನ ಮರೆ ಕೂರಿಸಿ, ತಗಡು ಎರಡಕ್ಕೂ ತಾಗದೆ ಗಾಳಿ ಆಡುವಂತಿರಲಿ.

ಉದ್ದದ ವಿಷಯದಲ್ಲಿ ಒಂದು ಮಾತು. ಒತ್ತಡ ಬಿದ್ದಾಗ ಹೋಸು ನೂರಕ್ಕೆ 4ರಷ್ಟು ಕುಗ್ಗಬಹುದು, 2ರಷ್ಟು ಉದ್ದವಾಗಬಹುದು. ಎಳೆದು ಬಿಗಿಯಾಗಿ ಹಾಕಿದರೆ ಫಿಟ್ಟಿಂಗಿನ ಬುಡದಲ್ಲೇ ಕೀಳುತ್ತದೆ, ಉದ್ದ ಹೆಚ್ಚಾದರೆ ಮತ್ತೆ ಸೈಲೆನ್ಸರಿಗೇ ಬೀಳುತ್ತದೆ. ಅರ್ಧ ಇಂಚಿನ 2ಎಸ್‌ಎನ್ ಹೋಸನ್ನು 180 ಮಿಲಿಮೀಟರಿಗಿಂತ ಸಣ್ಣ ತ್ರಿಜ್ಯದಲ್ಲಿ ಬಾಗಿಸಬಾರದು. ಜಾಗ ಸಾಲದಿದ್ದರೆ 90 ಡಿಗ್ರಿಯ ಫಿಟ್ಟಿಂಗ್ ಹಾಕಿಸಿ. ನಟ್ ಬಿಗಿಯುವಾಗ ಎರಡು ಸ್ಪ್ಯಾನರ್ ಬಳಸಿ. ಹೋಸಿನ ಮೇಲಿನ ಅಚ್ಚಿನ ಸಾಲು ನೆಟ್ಟಗಿರದೆ ತಿರುಚಿಕೊಂಡಿದ್ದರೆ ಬಿಚ್ಚಿ ಮತ್ತೆ ಹಾಕಿ.

ತೀರ್ಥಹಳ್ಳಿ ಮಿನಿ:
ಹೆಚ್ಚು ಬಿಸಿ ತಾಳುವ ಟೆಫ್ಲಾನ್ ಹೋಸನ್ನೇ ಹಾಕಿಬಿಟ್ಟರೆ ಈ ತೋಳು, ತಗಡುಗಳ ಗೊಡವೆಯೇ ಇರುವುದಿಲ್ಲವಲ್ಲ?

ಮಂಗಳೂರು ದಮ್ಮಾಮ್:
ಆರ್14 ದರ್ಜೆಯ ಆ ಹೋಸು 204 ಡಿಗ್ರಿವರೆಗೆ ತಾಳುತ್ತದೆ ನಿಜ, ಆದರೆ ಅರ್ಧ ಇಂಚಿನ ಅಳತೆಯಲ್ಲಿ 2ಎಸ್‌ಎನ್ ಹೊರುವ ಒತ್ತಡವನ್ನು ಅದು ಹೊರುವುದಿಲ್ಲ. ಒಮ್ಮೆ ಮಡಿಕೆ ಬಿದ್ದರೆ ಮುಗಿಯಿತು. ಲಿಫ್ಟ್ ಸಿಲಿಂಡರಿಗೆ ಅದು ಹೊಂದುವುದಿಲ್ಲ. ಹೆಚ್ಚಿನ ಬಿಸಿಗೆಂದೇ ತಯಾರಾದ ರಬ್ಬರಿನ ಹೋಸುಗಳು ಸಿಗುತ್ತವೆ, ಬೆಲೆ ಜಾಸ್ತಿ. ಆಯಿಲ್ 80ರ ಒಳಗೆ ಬಂದರೆ ಅವುಗಳ ಅಗತ್ಯ ಬೀಳುವುದಿಲ್ಲ.

ಮದ್ದೂರು ಲೋಡರ್:
ಕ್ಲಾಂಪಿನ ಖಾಲಿ ರಂಧ್ರ ಸಿಕ್ಕಿತು, ಬೋಲ್ಟಿನ ಮುರಿದ ಚೂರು ಒಳಗೇ ಇತ್ತು. ಹೊಸ ಹೋಸು, ಕ್ಲಾಂಪು, ತಗಡಿನ ಮರೆ ಎಲ್ಲವೂ ಆದವು. ಇಂಜಿನನ್ನು ಕಡಿಮೆ ವೇಗದಲ್ಲಿಟ್ಟು ಬೂಮನ್ನು ನಿಧಾನವಾಗಿ ಆಡಿಸಿ ಗಾಳಿ ತೆಗೆದು, ಆಯಿಲ್ ಮಟ್ಟ ಸರಿಮಾಡಿದೆವು. ಮಧ್ಯಾಹ್ನದ ಭರದ ಕೆಲಸದ ನಡುವೆ ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ನೋಡಿದಾಗ ಕೂಲರಿಗೆ ಹೋಗುವ ಪೈಪು 74 ಡಿಗ್ರಿ, ಹೊರಬರುವ ಪೈಪು 63 ಡಿಗ್ರಿ ತೋರಿಸಿತು. ಬಿಗಿಯಾಗಿರುವ ಉಳಿದ ಹೋಸುಗಳನ್ನೂ ಈಗಲೇ ಬದಲಿಸಬೇಕೇ ಎಂಬುದೊಂದೇ ಉಳಿದಿರುವ ಪ್ರಶ್ನೆ. ಎಲ್ಲವನ್ನೂ ಒಟ್ಟಿಗೆ ಮಾಡಿಸಲು ಹಣ ಹೊಂದಿಸುವುದು ಕಷ್ಟ.

ಬಳ್ಳಾರಿ ಫಿಟ್ಟರ್:
ಒಳ್ಳೆಯ ಸುದ್ದಿ. ಒಳ ಹೋಗುವುದಕ್ಕೂ ಹೊರ ಬರುವುದಕ್ಕೂ ಇಷ್ಟು ಅಂತರವಿದ್ದರೆ ಕೂಲರ್ ಕೆಲಸ ಮಾಡುತ್ತಿದೆ. ಹಂಗಾಮು ಮುಗಿಯುವವರೆಗೆ ಪ್ರತಿ ಪಾಳಿಯ ಕೊನೆಗೆ ಗಾಳಿ ಹೊಡೆಯುವುದನ್ನು ಡ್ರೈವರಿನ ಕೆಲಸದಲ್ಲೇ ಸೇರಿಸಿ. ಲೋಹದ ಪೈಪಿನ ಮೇಲೆ ಅಳೆದ ಬಿಸಿ ಆಯಿಲಿನದಕ್ಕಿಂತ ಕೆಲವು ಡಿಗ್ರಿ ಕಡಿಮೆಯೇ ಇರುತ್ತದೆ, ಅದನ್ನು ಲೆಕ್ಕದಲ್ಲಿಡಿ.

ಗೋಕುಲ ರಸ್ತೆ ಹೋಸ್:
ಒಟ್ಟಿಗೆ ಆಗದಿದ್ದರೆ ಸರದಿ ಹಾಕಿಕೊಳ್ಳಿ. ಮೊದಲು ಬಲಗಡೆಯ ಲಿಫ್ಟ್ ಹೋಸು ಮತ್ತು ಇಂಜಿನ್ ಕೋಣೆಯೊಳಗೆ ಹಾದುಹೋಗುವ ಒತ್ತಡದ ಹೋಸುಗಳು, ಏಕೆಂದರೆ ಅವು ಒಡೆದರೆ ಬೂಮ್ ಬೀಳುತ್ತದೆ ಅಥವಾ ಬೆಂಕಿಯಾಗುತ್ತದೆ. ಬಕೆಟಿನವು ಅನಂತರ, ರಿಟರ್ನ್ ಲೈನ್ ಕೊನೆಗೆ. ಆದರೆ ಯಾವುದೇ ಹೋಸಿನಲ್ಲಿ ತಂತಿ ಕಂಡರೆ, ಹೊರ ರಬ್ಬರು ಗುಳ್ಳೆಯೆದ್ದಿದ್ದರೆ, ಫಿಟ್ಟಿಂಗಿನ ಬುಡ ಒದ್ದೆಯಾಗಿದ್ದರೆ ಸರದಿ ಕಾಯಬೇಡಿ. ಹೊಸದನ್ನು ಕೊಳ್ಳುವಾಗ ಹೋಸಿನ ಮೇಲಿನ ತಯಾರಿಕೆಯ ದಿನಾಂಕ ನೋಡಿ, ವರ್ಷಗಟ್ಟಲೆ ಅಂಗಡಿಯಲ್ಲಿ ಬಿದ್ದದ್ದು ಬೇಡ. ಜರ್ಮನಿಯ ಡಿಐಎನ್ 20066 ಮಾನದಂಡವು ಹೋಸಿಗೆ ಕೊಡುವ ಗರಿಷ್ಠ ಆಯುಸ್ಸು 6 ವರ್ಷ, ಅದರಲ್ಲಿ ಗೋದಾಮಿನಲ್ಲಿಡಬಹುದಾದದ್ದು 2 ವರ್ಷ. ಬಗಾಸಿನ ಅಂಗಳದ ಬಿಸಿಗೆ ಅದಕ್ಕಿಂತ ಮೊದಲೇ ತೆಗೆಯುವುದು ಮೇಲು. ಪ್ರತಿ ಹೋಸಿಗೂ ಹಾಕಿದ ತಿಂಗಳು, ವರ್ಷ ಕೊರೆದ ಒಂದು ತಗಡಿನ ಬಿಲ್ಲೆ ಕಟ್ಟಿ. ತೆಗೆದ ಹಳೆಯ ಹೋಸುಗಳನ್ನು ಅಲ್ಲೇ ಎರಡು ತುಂಡು ಮಾಡಿ ಗುಜರಿಗೆ ಹಾಕಿ, ಗ್ಯಾರೇಜಿನ ಮೂಲೆಯಲ್ಲಿ ಇಡೀ ಹೋಸು ಬಿದ್ದಿದ್ದರೆ ಅವಸರದ ದಿನ ಯಾರಾದರೂ ಅದನ್ನೇ ಎತ್ತಿ ಮತ್ತೆ ಹಾಕುತ್ತಾರೆ.